ಹಿಗ್ಗು

ಬುಡಾಪೆಸ್ಟಿನ ಬಿಸಿನೀರ ಸ್ನಾನಗೃಹದ ನೆಲಮಾಳಿಗೆಯಲ್ಲಿ
ಮೂವತ್ತೊಂದು ವರ್ಷ
ಕೊಳವೆಯೊಳಗಿನ ಸುಣ್ಣ ಕೆತ್ತಿದವನು ಇಲ್ಲೇಶ್.
ಉಳಿಯ ಸದ್ದಿನಲ್ಲೇ ಹೇಳಬಲ್ಲ
ಎಷ್ಟು ಬೆರಳು ದಪ್ಪ ಕಟ್ಟಿದೆಯೆಂದು.

ಇವತ್ತು ಅವನ ಕತ್ತಿಗೊಂದು, ತೊಡೆಗೊಂದು ಪಟ್ಟಿ ಬಿಗಿದು
ನಾಡಿಯ ಅಲೆಯ ಓಟ ಅಳೆದರು.
ಸೆಕೆಂಡಿಗೆ ಹದಿನಾಲ್ಕು ಮೀಟರ್.
ಇನ್ನೂ ಜೋರಿದೆಯಲ್ಲ! ಹಿಗ್ಗಿದ.
‘ಹಿಗ್ಗಬೇಕಾದ್ದು ನೀವಲ್ಲ, ನಿಮ್ಮ ರಕ್ತನಾಳ’
ಅಂದಳು ಡಾಕ್ಟರ್ ಕಿಂಗಾ.
‘ಮೆತ್ತಗಿನ ಗೋಡೆ ಅಲೆಯನ್ನು ತೂಗಿ ಕಳಿಸುತ್ತದೆ,
ಸೆಟೆದದ್ದು ಹಾಗೇ ದೂಡುತ್ತದೆ.’

ಸುಣ್ಣ ಕೂತು ಸೆಟೆಯಿತೋ,
ಸೆಟೆದಲ್ಲಿ ಸುಣ್ಣ ಕೂತಿತೋ?
ಕೊಳಾಯಿಯವನ ಪ್ರಶ್ನೆ.
ತೆರೆಯ ಮೇಲಿನ ಬಿಳಿ ಚುಕ್ಕೆಗಳಿಂದ ಕಣ್ಣು ಕೀಳದೆ ಅವಳು:
‘ಒಂದು ಇನ್ನೊಂದನ್ನು ಕರೆಯುತ್ತದೆ.
ಮೊದಲು ಯಾವುದು ಕರೆಯಿತೋ ನನಗೂ ಗೊತ್ತಿಲ್ಲ.
ಆದರೆ ಇದು ಮೇಲೆ ಅಂಟಿದ್ದಲ್ಲ,
ಗೋಡೆಯೊಳಗೇ ಬೆಳೆದದ್ದು.
ಉಳಿ ನಡೆಯದು.’

ಮನೆಯಲ್ಲಿ ಪಿರೋಷ್ಕಾ
ಮುರಿದ ಬಲಗೈಯನ್ನು ಕೊರಳಿಗೆ ತೂಗುಹಾಕಿ
ಎಡಗೈಯಲ್ಲಿ ಚಹಾಕ್ಕೆ ನೀರಿಟ್ಟಿದ್ದಳು.
ಮೂಳೆಗೆ ಸುಣ್ಣ ಸಾಲದು ಅಂದಿದ್ದರು ಅವಳಿಗೆ,
ಅದೇ ಆಸ್ಪತ್ರೆಯ ಮೇಲಿನ ಮಹಡಿಯವರು.

‘ವಿಳಾಸ ತಪ್ಪಿದೆ, ಪಿರಿ’ ಎಂದ.
‘ಯಾರದ್ದು?’
ಅವನು ಹೇಳಲಿಲ್ಲ.
ಹಳೆಯ ಕೆಟಲಿನ ತಳ ಉಗುರಲ್ಲಿ ಕೆರೆಯುತ್ತ ಕೂತ.
ಅವಳು ಅದನ್ನು ಕಿತ್ತುಕೊಂಡು
ಒಂದು ಲೋಟ ವಿನೆಗರ್ ಸುರಿದಳು.
ನೊರೆ ಬಂತು.
ಇಬ್ಬರೂ ಬಗ್ಗಿ ನೋಡಿದರು.