ಗಿಂಟರ್ ಪೀಕಾ ಕಪ್ಪು ಆರಿಸಿದ್ದು

ಬಿತೋಮ್ ಪೇಟೆಯ ನಮ್ಮ ಅಂಗಡಿಗೆ
ನವೆಂಬರಿನ ಒಂದು ಮಂಗಳವಾರ, ಟೋಪಿ ತೆಗೆಯದೆ
ಬಂದರು ಗಿಂಟರ್ ಪೀಕಾ.
ಮೂವತ್ತೊಂದು ವರ್ಷ ನೆಲದಡಿ ಕಲ್ಲಿದ್ದಲು ಕಡಿದವರು,
ಈಗ ಅಟ್ಟದ ಮೇಲೆ ಪಂದ್ಯದ ಪಾರಿವಾಳ ಸಾಕುವವರು.
ಹಿಂದೆ ಹೆಂಡತಿ ಟ್ರೂಡಾ, ಕೈಯಲ್ಲಿ ಅಳತೆಯ ಟೇಪು.

"ಮೊದಲು ಕಪ್ಪು ತೋರಿಸಪ್ಪ," ಅಂದರು.
"ಬಣ್ಣ ಯಾರು ಬೇಕಾದರೂ ಮಾಡ್ತಾರೆ."

ಷಟರು ಎಳೆದೆ, ದೀಪ ಆರಿಸಿದೆ.
ಗೋಡೆಗೆ ಮೂರು ಟಿವಿ, ಎದುರಿಗೊಂದು ಪ್ರೊಜೆಕ್ಟರು,
ಮೂಲೆಯಲ್ಲಿ, ಮಾರಾಟಕ್ಕಲ್ಲ, ನನ್ನದೇ ಹಳೆಯ ಪ್ಲಾಸ್ಮಾ.
ಐದಕ್ಕೂ ಒಂದೇ ಚಿತ್ರ:
ಸುರಂಗದಲ್ಲೊಬ್ಬ ಬೆಂಕಿಕಡ್ಡಿ ಗೀರುತ್ತಾನೆ.
"ಗಣಿಯಲ್ಲಿ ಕಡ್ಡಿ ಗೀರಿದನೇ? ಸತ್ತ ಪೆದ್ದ."

ಮೊದಲನೆಯದು ಎಲ್‌ಸಿಡಿ. ಬೆನ್ನಿಗೆ ದೀಪ,
ದೀಪಕ್ಕೆ ಲಕ್ಷಗಟ್ಟಲೆ ಕದ.
ಕಪ್ಪು ಬೇಕೆಂದರೆ ಕದ ಮುಚ್ಚಬೇಕು,
ಯಾವ ಕದವೂ ಪೂರ್ತಿ ಮುಚ್ಚುವುದಿಲ್ಲ.
ಪರದೆಗೆ ಮೂಗು ತಾಗಿಸಿ ನೋಡಿದರು:
"ಕಪ್ಪಲ್ಲ ಇದು, ಒಲೆಯ ಬೂದಿ.
ಬಾಗಿಲಾಚೆ ಯಾರೋ ಎಚ್ಚರವಾಗಿದ್ದಾರೆ."

ಎರಡನೆಯದರ ದೀಪ ಸಾವಿರ ತುಂಡು,
ಬೇಕಾದಲ್ಲಿ ಉರಿ, ಬೇಡವಾದಲ್ಲಿ ನಂದು.
ಆದರೂ ಕಡ್ಡಿಯ ಸುತ್ತ ತೆಳ್ಳನೆ ಬೆಳಕು,
ಚಂದ್ರನಿಗೆ ಗುಡಿ ಕಟ್ಟಿದ ಹಾಗೆ.
"ಧೂಳಲ್ಲಿ ನಮ್ಮ ಹಣೆಯ ದೀಪ ಹೀಗೇ ಇರ್ತಿತ್ತು,"
ಮೆಚ್ಚಿದರೋ ತೆಗಳಿದರೋ ತಿಳಿಯಲಿಲ್ಲ.

ಪ್ರೊಜೆಕ್ಟರಿನದು ನಾಚಿಕೆಯ ಗುಟ್ಟು:
ಕಪ್ಪನ್ನು ಎಸೆಯಲು ಯಾವ ದೀಪಕ್ಕೂ ಬರುವುದಿಲ್ಲ.
ಬಿಳಿಯ ಬಟ್ಟೆಯನ್ನೇ ಕಪ್ಪೆಂದು ನಂಬಿಸುತ್ತದೆ
ಪಕ್ಕದ ಬೆಳಕಿನ ಬಾಯಿಜೋರಿನಿಂದ.
ಟ್ರೂಡಾ ಟೇಪು ಬಿಚ್ಚಿದರು, ಬಿಚ್ಚುತ್ತಲೇ ಹೋದರು:
"ಇಷ್ಟಗಲ ಗೋಡೆ ಎಲ್ಲಿದೆ ನಮಗೆ?
ಸಂತ ಬಾರ್ಬರಾಳ ಪಟ ಏನು, ಬಚ್ಚಲಲ್ಲಿ ನೇತುಹಾಕಲಾ?"

ಪ್ಲಾಸ್ಮಾದ ಮುಂದೆ ಗಿಂಟರ್ ಹೊತ್ತು ಮರೆತರು.
ಗೂಡುಗೂಡಲ್ಲಿ ಅನಿಲ, ನಿದ್ದೆಯಲ್ಲೂ
ಮಿಣುಕು ಉಸಿರಾಡುತ್ತಿರಬೇಕು ಅದು.
ಪಾರಿವಾಳದ ಎದೆ ಮುಟ್ಟುವಂತೆ ಅಂಗೈ ಇಟ್ಟು
"ಬೆಚ್ಚಗಿದೆ," ಅಂದರು. "ಮಾರೋದಿಲ್ವಾ?"
"ಇಲ್ಲ."
"ಸರಿ ಬಿಡು."

ಕೊನೆಗೆ ಓಲೆಡ್. ಕಣಕಣವೂ ತನಗೆ ತಾನೇ ದೀಪ,
ಆರು ಎಂದರೆ ಆರುವುದು.
ಕಡ್ಡಿ ನಂದಿತು. ಚೌಕಟ್ಟು ಹೋಯಿತು, ಗೋಡೆ ಹೋಯಿತು,
ಗವ್ವೆಂದಿತು ಅಂಗಡಿ.
ನನ್ನ ಮೀಟರು ಸೊನ್ನೆ ತೋರಿಸಿತು.
ಅದರಿಂದ ಕೆಳಗೆ ಅಳೆಯಲು ಅದಕ್ಕೆ ಬಾರದು.

ಕತ್ತಲಲ್ಲಿ ಗಿಂಟರ್ ದನಿ:
"ಎಪ್ಪತ್ತೊಂಬತ್ತರಲ್ಲಿ ನಮ್ಮ ದೀಪ ಸತ್ತವು, ಎರಡು ಗಂಟೆ.
ಮುಖದೆದುರು ಹಿಡಿದರೆ ಕೈ ಇರಲಿಲ್ಲ.
ಆ ಕಪ್ಪಿಗೆ ತೂಕ ಇತ್ತು. ಇದಕ್ಕಿಲ್ಲ.
ಬಣ್ಣ ಮಾತ್ರ ಅದೇ."
ಟೋಪಿ ತೆಗೆದದ್ದು ಕಾಣಲಿಲ್ಲ, ಕೇಳಿಸಿತು.

ಟಪ್ಪೆಂದು ದೀಪ. ಸ್ವಿಚ್ಚಿನ ಮೇಲೆ ಟ್ರೂಡಾ ಬೆರಳು.
"ನಾವೇನು ಗೂಬೆಗಳಾ? ಚಳಿಗಾಲ ನಾಲ್ಕಕ್ಕೇ ದೀಪ ಹಚ್ಚಿ
ಇಸ್ತ್ರಿ ಮಾಡ್ತೀನಿ ನಾನು ಅದೇ ಕೋಣೇಲಿ."

ಬೆಳಕಿನಲ್ಲಿ ನ್ಯಾಯ ತಿರುಗಿಬಿತ್ತು:
ಬಟ್ಟೆ ಬರಿ ಬಟ್ಟೆಯಾಯಿತು, ನನ್ನ ಪ್ಲಾಸ್ಮಾ ಕೆಸರಾಯಿತು,
ಸಾವಿರ ತುಂಡಿನದು ಹಗಲಿಗೆ ಹೇಳಿ ಮಾಡಿಸಿದಂತೆ,
ಓಲೆಡ್ ಬರಿಯ ಕನ್ನಡಿ, ಅದರಲ್ಲಿ ಟ್ರೂಡಾ, ಅವರ ಕೊಡೆ.
ಸುಳ್ಳು ಹೇಳಲಿಲ್ಲ ನಾನು:
"ದೀಪದ ಕೋಣೆಗೆ ಎರಡನೆಯದೇ ಸರಿ,
ಸಾವಿರದಿನ್ನೂರು ಝ್ಲಾಟಿ ಅಗ್ಗ ಕೂಡ."
ಗಿಂಟರ್ ತಮ್ಮ ಬೂಟು ನೋಡಿಕೊಂಡರು.

ಟ್ರೂಡಾ ಕನ್ನಡಿಯೆದುರು ಎಡಕ್ಕೆ ಸರಿದರು, ಬಲಕ್ಕೆ ಸರಿದರು.
"ಅಡುಗೆಮನೆಗೆ ಎದುರಾಗಿ ಹಾಕಿದರೆ ಒಲೆ ಕಾಣುತ್ತಾ ಇದರಲ್ಲಿ?"
"ಕತ್ತಲ ದೃಶ್ಯ ಬಂದಾಗ ಕಾಣುತ್ತೆ."
"ಇದನ್ನೇ ಕೊಡಿ.
ಇವರು ಕತ್ತಲು ನೋಡ್ತಿರಲಿ, ನಾನು ಹಾಲು ನೋಡ್ತೀನಿ."

ಗುರುವಾರ ಮೂರನೆಯ ಮಹಡಿಗೆ ಹೊತ್ತು ಹಾಕಿದೆ.
ಹೊರಡುವಾಗ ಹೇಳಲೇಬೇಕಾದ ಮಾತು:
"ಒಂದೇ ಚಿತ್ರ ಬಹಳ ಹೊತ್ತು ನಿಲ್ಲಿಸಬೇಡಿ,
ಕಲೆ ಉಳಿದುಬಿಡುತ್ತೆ, ಅಳಿಸೋಕಾಗಲ್ಲ."
ಗಿಂಟರ್ ಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದರು,
ಚರ್ಮದೊಳಗೆ ಇದ್ದಿಲು ಕೂತು ನೀಲಿಗಟ್ಟಿದ ಗೀರು.
"ನಲವತ್ತು ವರ್ಷದ್ದು ಇದು.
ಚಿತ್ರ ಇನ್ನೂ ಚೆನ್ನಾಗೇ ಬರ್ತಿದೆ."