ನಂಬರು ಹನ್ನೊಂದು

ಬೈತಖೋಲದ ಹಳೆಯ ಐಸ್ ಫ್ಯಾಕ್ಟರಿಯಲ್ಲಿ
ಆರು ತಿಂಗಳು ನನಗೆ ಕೆಲಸ:
ಬಾಟಲಿಗೆ ನಂಬರು ಅಂಟಿಸುವುದು,
ಕೇರಿಯ ಕೊಂಕಣಿಯನ್ನು
ಪಟವರ್ಧನ ಸಾಹೇಬರ ಹಿಂದಿಗೆ ದಾಟಿಸುವುದು.

ಸಾಯಿಸದ ಆಯುಧ, ಅಂದರು ಮೊದಲ ದಿನವೇ.
ರಕ್ತವಿಲ್ಲ, ಗಾಯವಿಲ್ಲ, ಪೇಪರಿಗೆ ಫೋಟೋ ಇಲ್ಲ.
ಒಂದು ಡಬ್ಬಿ ಒಡೆದರೆ ಸಾವಿರ ಜನ
ಮೂಗು ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ, ಅಷ್ಟೆ.
ಕಣ್ಣು ಕೋರೈಸುವುದೊಂದು, ಕಿವಿ ಕೊರೆಯುವುದೊಂದು,
ಕಾಲಿಗಂಟಿ ಬಿಡದ ನೊರೆಯೊಂದು
ಬೇರೆ ಬೇರೆ ಊರಲ್ಲಿ ತಯಾರಾಗುತ್ತಿವೆಯಂತೆ.
ನಮ್ಮ ಪಾಲಿಗೆ ಬಂದದ್ದು ನಾತ.

ಪರೀಕ್ಷೆಗೆ ಮೂಗು ಬೇಕು. ಮುನ್ನೂರು ರೂಪಾಯಿ, ಒಂದು ಚಾ.
ನಾನೋ, ಕರೆತಂದದ್ದು
ಒಣಮೀನು ಹರವುವ ಹೆಂಗಸರನ್ನು.

ನಂಬರು ನಾಲ್ಕು ತೆರೆದಾಗ ಗೋಡೆಯ ಹಲ್ಲಿ ಕೆಳಗೆ ಬಿತ್ತು.
ಸಾಹೇಬರ ಮುಖವಾಡದೊಳಗೆ ಕಣ್ಣು ತೇಲಿದವು.
ಚಂದ್ರಭಾಗಿ ತಾಂಡೇಲ್ ಮೂಸಿದಳು, ಮತ್ತೆ ಮೂಸಿದಳು,
ಸಾರಿನ ಹದ ನೋಡುವವಳ ಹಾಗೆ.
"ಉಪ್ಪು ಕಮ್ಮಿ ಬಿದ್ದ ಸೆಟ್ಲಿ. ಮೂರನೇ ದಿನದ್ದು.
ಮಳೆಗಾಲದಲ್ಲಿ ಇದಕ್ಕೂ ಗಿರಾಕಿ ಇದೆ."
ನಂಬರು ಏಳಕ್ಕೆ ರೋಹಿಣಿ ಇನ್ನೊಂದು ಲೋಟ ಚಾ ಕೇಳಿದಳು.
ಒಂಬತ್ತಕ್ಕೆ ಮಾತ್ರ ಮುದುಕಿ ಸಾವಂತ್ರಿ
ಸೆರಗಿನಿಂದ ಕಣ್ಣೊರೆಸಿಕೊಂಡಳು:
ದೋಣಿಗೆ ಬಳಿಯುವ ಮೀನೆಣ್ಣೆ, ಅವಳಪ್ಪನ ಅಂಗಿ.
ಪರಿಣಾಮ: ಕಣ್ಣೀರು, ಎಂದು ಬರೆದೆ.
ಸಾಹೇಬರಿಗೆ ಖುಷಿಯೋ ಖುಷಿ.

ಕೊನೆಯದು ಹನ್ನೊಂದು. ಹೋಲಿಸಿ ನೋಡಲೆಂದು ಇಟ್ಟದ್ದು,
ಬರೀ ಬಟ್ಟಿ ಇಳಿಸಿದ ನೀರು.
ಚಂದ್ರಭಾಗಿ ಬಾಟಲಿಯನ್ನು ಮೂಗಿಗೆ ಹಿಡಿದಳು.
ಹಿಡಿದೇ ಇದ್ದಳು.
ಆಮೇಲೆ ಎದ್ದಳು, ಬುಟ್ಟಿಯನ್ನೂ ಎತ್ತಿಕೊಳ್ಳದೆ.
"ನೌಕಾನೆಲೆಯವರು ಊರು ಬಿಡಿಸಿ
ಗುಡ್ಡದ ಹಿಂದೆ ಕಾಲನಿಯಲ್ಲಿ ಮನೆ ಕೊಟ್ಟರಲ್ಲ,
ಮೊದಲ ಬೆಳಿಗ್ಗೆ ಬಾಗಿಲು ತೆಗೆದಾಗ
ಹೀಗೇ ಇತ್ತು.
ಏನೂ ಇರಲಿಲ್ಲ.
ಗಂಡ ಆ ಹೊಸ್ತಿಲಲ್ಲೇ ಕೂತ, ಮತ್ತೆ ನೆಟ್ಟಗೆ ಏಳಲಿಲ್ಲ."

ಬಾಗಿಲು ದಾಟಿ ಅವಳು ಹೋದ ವೇಗಕ್ಕೆ
ಸಾಹೇಬರು ಮುಖವಾಡ ಕಿತ್ತು ನಿಂತರು.
ಏನಂದಳು? ಬೇಗ ಹೇಳು, ಏನಂದಳು?
ಪೆನ್ನಿನ ಮುಚ್ಚಳ ತೆಗೆದಾಗಿತ್ತು.

ಏನಿಲ್ಲ ಸಾರ್, ಅಂದೆ.
ನೀರು ಅಂತೆ.

ಅವಳ ಮುನ್ನೂರು ರೂಪಾಯಿ ಇನ್ನೂ ನನ್ನ ಹತ್ತಿರ ಇದೆ.
ನೋಟಿಗೆ ನಂಬರು ಏಳರ ವಾಸನೆ.
ತೊಳೆದರೂ ಹೋಗಲಿಲ್ಲ, ಪುಣ್ಯಕ್ಕೆ.