ಗುಳ್ಳೆ ಕಾಯುವವನು

ಬಾಳೆಂದರೆ ನೀರ ಮೇಲಿನ ಗುಳ್ಳೆ ಎಂದವರು
ದೋಣಿಯಲ್ಲಿ ಕೂತು ಗುಳ್ಳೆ ಕಾದವರಲ್ಲ.
ನಾನು ಕಾದಿದ್ದೇನೆ, ಇಪ್ಪತ್ತೆರಡು ವರ್ಷ,
ಅನಿಲಾವೊದ ಈ ಕೊಲ್ಲಿಯಲ್ಲಿ,
ಎರಡು ಕಡೆ ಬಿದಿರಿನ ತೋಳು ಚಾಚಿದ ನನ್ನ ಬಾಂಕಾದ ಮೇಲೆ
ಚುಕ್ಕಾಣಿಗೆ ಬೆನ್ನು ಕೊಟ್ಟು.

ಕೆಳಗೆ ಹೋದವರ ಮುಖ ನನಗೆ ಕಾಣದು.
ಮೇಲೆ ಬರುವುದು ಉಸಿರು ಮಾತ್ರ.
ಹೊಸಬರದು ಗಿಜಿಗಿಜಿ, ಸಂತೆಯ ಮಾತು.
ಮರಿಲಾಗಳದು ಹಾಗಲ್ಲ,
ಒಂದು ಗೊಂಚಲು, ಬಿಡುವು, ಇನ್ನೊಂದು ಗೊಂಚಲು,
ಯಾವ ಹಬ್ಬಕ್ಕೂ ಅವಸರವಿಲ್ಲದೆ
ಬಟ್ಟೆ ಹೊಲಿಯುವವಳ ಹಾಗೆ.

ಆ ದಿನ ಅವಳ ಹಿಂದೆ ಇಳಿದವರು ಮೂವರು.
ಕೊನೆಯವನು ಬುಸಾನಿನ ಹಲ್ಲಿನ ಡಾಕ್ಟರು, ಪ್ಯೊ ಅಂತ.
ನೀರಿಗೆ ಬೀಳುವ ಮುಂಚೆ ನನ್ನ ನಗು ನೋಡಿ
ಬಲಗಡೆಯ ದವಡೆಹಲ್ಲು ಕೀಳಿಸು ಎಂದು ಸನ್ನೆ ಮಾಡಿದ್ದ.

ಹದಿನೇಳನೆಯ ನಿಮಿಷ.
ಒಂದು ಕಡೆ ನೀರು ಕೊತಕೊತ ಕುದಿಯಿತು,
ಲೆಕ್ಕವಿಲ್ಲ, ಬಿಡುವಿಲ್ಲ.
ಆಮೇಲೆ ನಿಂತುಹೋಯಿತು.

ಕೈ ತಾನಾಗಿ ಎಂಜಿನ್ನಿನ ಹಗ್ಗಕ್ಕೆ ಹೋಯಿತು.
ಹಿಂದಕ್ಕೆಳೆದುಕೊಂಡೆ.
ಎಲ್ಲಿ ಏಳುವವೋ ಗೊತ್ತಿಲ್ಲದ ತಲೆಗಳ ಮೇಲೆ
ತಿರುಗುವ ಅಲಗು ಓಡಿಸುವುದೆಂದರೆ
ಕಾಯಲು ಹೋಗಿ ಕೊಚ್ಚುವುದು.
ಹಾರಲೇ? ನನ್ನ ಉಸಿರು ಮೂರು ಮಾರಿಗೆ ಮುಗಿಯುತ್ತದೆ.
ಅವರಿದ್ದದ್ದು ಹದಿಮೂರು ಮಾರು ಕೆಳಗೆ.
ಹಲಗೆಯಡಿಯ ಹಸಿರು ಸಿಲಿಂಡರು ಎಳೆದು
ಆಕ್ಸಿಜನ್ನಿನ ಮುಳ್ಳು ನೋಡಿದೆ. ತುಂಬಿದೆ.
ಏಣಿ ಇಳಿಬಿಟ್ಟೆ.
ಮತ್ತೆ ಮುಳ್ಳು ನೋಡಿದೆ. ತುಂಬಿದೆ.

ಆಗ ಎದ್ದವು,
ಒಂದೇ ಜಾಗದಿಂದ ಎರಡು ಉಸಿರು:
ಒಂದು ಹರಕು, ಒಂದು ಹೊಲಿಗೆ.

(ಕೆಳಗೆ ನಡೆದದ್ದನ್ನು ಅವಳು ಹೇಳಿದ್ದು ಆಮೇಲೆ, ನಾಲ್ಕೇ ಮಾತಲ್ಲಿ.
ಕಚ್ಚಿಕೊಂಡಿದ್ದ ರಬ್ಬರನ್ನು ಡಾಕ್ಟರು ಹೆದರಿಕೆಗೆ
ಕಡಿದೇಬಿಟ್ಟಿದ್ದ. ನೀರು ನುಗ್ಗಿತು. ಉಗುಳಿದ.
ಬೆನ್ನ ಮೇಲೆ ಗಾಳಿ ಹೊತ್ತಿದ್ದು ಮರೆತು
ಅವಳ ಬಾಯಿಗೇ ಕೈಹಾಕಿದ.
ಕಿತ್ತುಕೊಳ್ಳುವ ಮುಂಚೆ ಕೊಟ್ಟುಬಿಟ್ಟಳು.
ಎದೆಯ ಮೇಲೆ ಜೋತಾಡುವ ಹಳದಿಯದು ಇತ್ತಲ್ಲ ನನಗೆ,
ಅಂದಳು.)

ಗುಳ್ಳೆಯ ವೃತ್ತ ಕಿರಿದಾಗುತ್ತ ಬಂತು, ಅಂದರೆ
ಮೇಲೇರುತ್ತಿದ್ದಾರೆ.
ಅವಳ ಕೆಂಪು ರೆಕ್ಕೆಗಾಲು ಕಂಡಿತು,
ಅವನ ಎದೆಪಟ್ಟಿ ಹಿಡಿದ ಮುಷ್ಟಿ ಕಂಡಿತು,
ಉಳಿದಿಬ್ಬರು ಬದಿಗೆ, ಮದುವೆ ಮನೆಯಲ್ಲಿ
ಕೆಲಸ ಸಿಗದ ನೆಂಟರಂತೆ.
ಅಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ,
ಅವರು ನಿಂತರು.

ಮೂರು ನಿಮಿಷ ನಿಲ್ಲಬೇಕು. ನನಗೆ ಗೊತ್ತು.
ಕಂಪ್ರೆಸರಿನ ಕೊಳವೆ ಕಚ್ಚಿ ಮೀನಿಗಿಳಿಯುತ್ತಿದ್ದ
ನನ್ನ ತಮ್ಮ ಎಲ್ಪಿಡಿಯೊ ನಿಲ್ಲದೆ ಬಂದವನು.
ಆ ಅವಸರ ಇವತ್ತಿಗೂ ಅವನ ಮೊಣಕಾಲಲ್ಲಿ ಕೂತಿದೆ.
ಆದರೂ ಬಾ, ಬಾರೇ, ಎಂದು ಬಾಯಿಗೆ ಬಂತು.
ಅವಳು ಅವನ ಕಣ್ಣನ್ನೇ ನೋಡುತ್ತ ತೂಗುತ್ತಿದ್ದಳು,
ಕೈ ನಿಧಾನ ಒಳಗೆ, ನಿಧಾನ ಹೊರಗೆ.
ದೋಣಿಯ ಮೇಲೆ ನಾನೂ
ಹಾಗೇ ಉಸಿರಾಡುತ್ತಿದ್ದೆ.

ಹತ್ತಿಸಿಕೊಂಡೆ. ಸೀಸದ ಪಟ್ಟಿ ಬಿಚ್ಚಿದೆ, ಮುಖವಾಡ ಕಟ್ಟಿದೆ.
ಡಾಕ್ಟರು ಮುಷ್ಟಿ ತೆರೆದ: ತುಂಡು ರಬ್ಬರು.
ಹಿಂದೆ ಮುಂದೆ ತಿರುಗಿಸಿ ಹಲ್ಲಿನ ಗುರುತು ನೋಡಿದ,
ಯಾರೋ ರೋಗಿಯದೆನ್ನುವ ಹಾಗೆ.
ಆಮೇಲೆ ಅತ್ತ.
ಮರಿಲಾಗ ಆಚೆ ಬದಿಗೆ ಹೋಗಿ ವಾಂತಿ ಮಾಡಿ
ಬಾಯಿ ತೊಳೆದು ಶುಂಠಿ ನೀರು ಕೇಳಿದಳು.
ಲೋಟ ಹಿಡಿದ ತೋಳಲ್ಲಿ
ನಾಲ್ಕು ಉಗುರಿನ ಗೀರು, ಉಪ್ಪಿಗೆ ಉರಿಯುವಂಥವು.
ನೋಡಿದ್ದು ನೋಡಿ ತೋಳು ಮಡಚಿಕೊಂಡಳು.

ರಾತ್ರಿ ಒಲೆಯ ಮುಂದೆ ಕೂತಿದ್ದೆ.
ಅನ್ನದ ಪಾತ್ರೆಯಲ್ಲಿ ಗುಳ್ಳೆ ಏಳುತ್ತಿದ್ದವು,
ವಿರಳವಾದವು, ನಿಂತವು.
ಕಾಯುತ್ತ ಕೂತೇ ಇದ್ದೆ.
ರೊಸೆಂದಾ ಒಳಗಿನಿಂದ ಕೂಗಿದಳು:
ಸೀದು ಹೋಯಿತಲ್ಲೋ, ಮೂಗಿಲ್ಲವೇನೋ ನಿನಗೆ?